ಜುರಾಂದಿರ್ ಮೇಷ್ಟ್ರ ಐದು ನಕ್ಷತ್ರ

ಪೋಸು ದ ಕಾಬ್ರ ಎಂದರೆ ಮೇಕೆಬಾವಿ ಎಂದರ್ಥ. ಬಾವಿ ಬತ್ತಿ ಯಾವ ಕಾಲವಾಯಿತೋ ಗೊತ್ತಿಲ್ಲ, ಮೇಕೆಗಳು ಮಾತ್ರ ಊರಿನ ಹೆಸರಿನ ಅರ್ಧ ಮಾನವನ್ನಾದರೂ ಉಳಿಸಿಕೊಂಡು ಬಂದಿವೆ. ಈ ಊರಿನಲ್ಲಿ ಒಂದು ಗಳಿಗೆ ಒಂದು ಕಡೆ ನಿಲ್ಲದ ಜೀವಿಗಳು ಎರಡೇ. ಒಂದು ಮೇಕೆ, ಇನ್ನೊಂದು ಜುರಾಂದಿರ್ ಮೇಷ್ಟ್ರು.

ಮೇಷ್ಟ್ರು ಕಾಫಿಗೆ ಕೂತರೆ ಲೋಟ ಅರ್ಧವಾಗುವಷ್ಟರಲ್ಲಿ ಎದ್ದು ಕಿಟಕಿಗೆ ಹೋಗುವರು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಬೀದಿಗೆ. ಉಳಿದರ್ಧ ಕಾಫಿಯನ್ನು ಎಲ್ಲಿಟ್ಟರೆಂದು ಆಮೇಲೆ ಮನೆಯವರೆಲ್ಲ ಹುಡುಕಬೇಕು. ಅವರ ಮದುವೆಯ ಫೋಟೊದಲ್ಲಿ ಹೆಂಡತಿ ಮರ್ಲುಸಿ ಲಕ್ಷಣವಾಗಿ ನಿಂತಿದ್ದಾಳೆ, ಪಕ್ಕದಲ್ಲಿ ಗಂಡ ಇರಬೇಕಾದ ಜಾಗದಲ್ಲಿ ಒಂದು ಬಿಳಿ ಮಬ್ಬು ಇದೆ. ಬಂದವರಿಗೆ ಅವಳು ಆ ಮಬ್ಬನ್ನು ತೋರಿಸಿ, "ಇವ್ರೇ ನಮ್ಮೆಜಮಾನ್ರು" ಎನ್ನುತ್ತಾಳೆ.

ಇಂಥ ಮನುಷ್ಯ ಬದುಕಿನಲ್ಲಿ ಅರ್ಧಕ್ಕೆ ಬಿಟ್ಟು ಎದ್ದುಬಾರದ ಸಂಗತಿ ಒಂದೇ ಒಂದು. ಅದು ಊರಿನ ಶಾಲೆಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಸಂಜೆ ತರಗತಿ. ಅಲ್ಲಿ ಅವರು ಕೂರುತ್ತಿರಲಿಲ್ಲ ನಿಜ, ಆದರೆ ಎದ್ದೂ ಹೋಗುತ್ತಿರಲಿಲ್ಲ. ಕ್ಷೌರಿಕ ಅಮಾರೊ, ಅವನ ಹೆಂಡತಿ ಲಿಂದಾಲ್ವ, ಗಾರೆ ಕೆಲಸದ ರೊಜಿಲ್ದು, ಇನ್ನೂ ಹತ್ತಾರು ಜನ ಅಲ್ಲಿಗೆ ಬರುತ್ತಿದ್ದರು. ಎಲ್ಲರಿಗಿಂತ ಮುಖ್ಯವಾಗಿ, ಮೇಷ್ಟ್ರ ಅತ್ತೆ ದೋನ ಕಿತೇರಿಯ, ಅಂದರೆ ಕಿತೇರಿಯಮ್ಮ, ಬರುತ್ತಿದ್ದರು. ಬೀದಿ ಮೂಲೆಯಲ್ಲಿ ಮರಗೆಣಸಿನ ಹಿಟ್ಟಿನ ತಪಿಯೋಕ ರೊಟ್ಟಿ ಹಾಕಿ ಮಾರುವ, ಆ ಬೀದಿಯಲ್ಲಿ ಯಾರೂ ಎದುರು ಮಾತಾಡದ ಹೆಂಗಸು ಅವರು.

ಹೊಸ ಪದ್ಧತಿಯ ಪ್ರಕಾರ ಕುರ್ಚಿಗಳನ್ನು ಸುತ್ತಲೂ ವೃತ್ತವಾಗಿ ಇಡಬೇಕು, ಮೇಲು ಕೀಳು ಇರಬಾರದು ಎಂದು ಮೇಷ್ಟ್ರು ಎಲ್ಲೋ ಕೇಳಿ ಬಂದು ಹಾಗೆ ಇಡಿಸಿದಾಗ ಮೊದಲು ಗಲಾಟೆ ಎಬ್ಬಿಸಿದವರೂ ಅವರೇ.

"ಅಳಿಯಂದ್ರೆ, ಇದ್ರಲ್ಲಿ ಮುಂದಿನ ಸಾಲು ಯಾವ್ದು?"

"ಮುಂದೆ ಹಿಂದೆ ಅಂತ ಇಲ್ಲ ಅತ್ತೆ. ಎಲ್ಲರೂ ಸಮ."

"ಸಮ ಅನ್ನೋದು ಸರಿ. ಲಿಂದಾಲ್ವ ನನ್ನ ಹಿಂದೆ ಕೂತ್ಕೊಳ್ಳೋದು ಹೇಗೆ ಈಗ?"

ಈ ಪ್ರಶ್ನೆಗೆ ಯಾವ ಶಿಕ್ಷಣತಜ್ಞರ ಬಳಿಯೂ ಉತ್ತರವಿಲ್ಲ. ಕೊನೆಗೆ ದೋನ ಕಿತೇರಿಯ ತಮ್ಮ ಕುರ್ಚಿಯನ್ನು ಒಂದು ಗೇಣು ಒಳಕ್ಕೆ ಎಳೆದುಕೊಂಡು ಕೂತರು. ಅಂದಿನಿಂದ ಆ ವೃತ್ತಕ್ಕೆ ಒಂದು ಮೂಗು ಬಂದ ಹಾಗಾಯಿತು.

ಅವರಿಗೆ ಒಂದೇ ಆಸೆ. ಎಲ್ಲರ ಮುಂದೆ, ಮುಖ್ಯವಾಗಿ ಲಿಂದಾಲ್ವಳ ಮುಂದೆ, ಜೋರಾಗಿ ಓದಬೇಕು. ಓದಿಸುತ್ತೇನೆಂದು ಅಳಿಯ ಮಾತು ಕೊಟ್ಟಿದ್ದರು. ಕೊಟ್ಟ ಮಾತನ್ನು ಅರ್ಧ ಕಾಫಿಯ ಹಾಗೆ ಎಲ್ಲೋ ಇಟ್ಟು ಮರೆತಿದ್ದರು.

ಹೀಗಿರುವಾಗ ಒಂದು ದಿನ ಊರಿನ ಶಿಕ್ಷಣ ಕಾರ್ಯದರ್ಶಿ ದೋನ ವಾಲ್ದೇತಿ ಮೇಷ್ಟ್ರನ್ನು ಕರೆಸಿದರು. ಶಿಕ್ಷಣದ ಜೊತೆಗೆ, ಊರಿಗೆ ಊರೇ ಹುಲ್ಲಿನ ಟೋಪಿ ತೊಟ್ಟು ಕುಣಿಯುವ ಜೂನ್ ಹಬ್ಬದ ಉಸ್ತುವಾರಿಯೂ ಅವರದೇ. ಮೇಯರ್ ಅವರ ನಾದಿನಿಗೆ ಒಂದೇ ಖಾತೆ ಕೊಟ್ಟರೆ ಚೆನ್ನಾಗಿರುತ್ತದೆಯೆ?

"ಮೇಷ್ಟ್ರೆ, ರಾಜಧಾನಿ ರೆಸೀಫೆಯಿಂದ ಹೇಳಿ ಕಳಿಸಿದಾರೆ. ಪರಿವರ್ತಕ ಕಲಿಕೆ, ವಿಮರ್ಶಾತ್ಮಕ ಶಿಕ್ಷಣ ಅಂತ ಇಂಟರ್ನೆಟ್ಟಲ್ಲಿ ಏನೇನೋ ಸೈಟುಗಳಿವೆಯಂತೆ. ಎಲ್ಲ ನೋಡಿ, ತೂಗಿ, ಯಾವ್ದು ಒಳ್ಳೇದು ಅಂತ ನಕ್ಷತ್ರ ಕೊಡ್ಬೇಕಂತೆ. ಸೋಮವಾರದೊಳಗೆ."

"ನಾನೇನಾ?"

"ಮತ್ತಿನ್ಯಾರು? ಕಳಿಸದೇ ಇರೋ ಊರಲ್ಲಿ ಸಂಜೆ ತರಗತಿ ಮುಚ್ತಾರಂತೆ. ನಂಗೇನೂ ಬೇಜಾರಿಲ್ಲ ಬಿಡಿ. ಹಬ್ಬದ ಬಾವುಟ, ಹುಲ್ಲಿನ ಟೋಪಿ ಇಡೋಕೆ ಆ ಕೋಣೆ ಹೇಳಿ ಮಾಡಿಸಿದ ಹಾಗಿದೆ."

ತಮ್ಮ ತರಗತಿಯಲ್ಲಿ ಹುಲ್ಲಿನ ಟೋಪಿಗಳು ವೃತ್ತವಾಗಿ ಕೂತಿರುವುದು ಮೇಷ್ಟ್ರ ಕಣ್ಣ ಮುಂದೆ ಬಂತು. "ಆಗ್ಲಿ" ಎಂದು ಅಲ್ಲಿಂದ ಓಡಿದರು.

ಊರಿನಲ್ಲಿ ಇಂಟರ್ನೆಟ್ ನೆಟ್ಟಗೆ ಸಿಗುವುದು ಬೇಕರಿಯ ಮೆಟ್ಟಿಲ ಮೇಲೆ. ಮೇಷ್ಟ್ರು ಅಲ್ಲಿ ಫೋನು ಹಿಡಿದು ಒಂದು ಮೆಟ್ಟಿಲು ಹತ್ತುತ್ತ ಒಂದು ಇಳಿಯುತ್ತ ಮೌಲ್ಯಮಾಪನ ಶುರುಮಾಡಿದರು. ಮೊದಲನೆಯ ತಾಣ, "ಶಿಕ್ಷಕ ಎಂದರೆ ಮೊದಲು ಕೇಳುವವನು" ಎಂದಿತು. ಏನನ್ನು ಕೇಳಬೇಕು ಎಂದು ಅದು ಹೇಳುವ ಮೊದಲೇ ಮೇಷ್ಟ್ರ ಬೆರಳು ಬೇರೆ ಕಡೆ ಜಿಗಿದಿತ್ತು. ಎರಡನೆಯದರಲ್ಲಿ ಒಬ್ಬ ಪ್ರೊಫೆಸರು ಶಿಕ್ಷಕರು ಯಾಕೆ ಉದ್ದುದ್ದ ಮಾತಾಡಬಾರದು ಎಂಬುದರ ಮೇಲೆ ಎರಡು ಗಂಟೆ ಮಾತಾಡಿದ್ದರು. ಮೂರನೆಯದು, ನೀವು ಯಂತ್ರವಲ್ಲ ಮನುಷ್ಯರೆಂದು ಸಾಬೀತುಮಾಡಲು ಟ್ರಾಫಿಕ್ ದೀಪವಿರುವ ಚಿತ್ರಗಳನ್ನೆಲ್ಲ ಒತ್ತಿ ಎಂದಿತು. ಪೋಸು ದ ಕಾಬ್ರದಲ್ಲಿ ಟ್ರಾಫಿಕ್ಕೇ ಇಲ್ಲ, ದೀಪ ಎಲ್ಲಿಂದ ಬರಬೇಕು? ಮೇಷ್ಟ್ರು ಸಿಕ್ಕಿದ್ದನ್ನು ಒತ್ತಿ, ಮನುಷ್ಯರಲ್ಲವೆಂದು ತೀರ್ಮಾನವಾಗಿ ಹೊರಬಿದ್ದರು. ನಾಲ್ಕನೆಯದು ದಮನಿತರ ದನಿಯ ಬಗ್ಗೆ ಇತ್ತು. ದಮನಿತರಿಗೆ ಒಂದು ಸಾಲೂ ಅರ್ಥವಾಗದಂತೆ ಎಚ್ಚರ ವಹಿಸಿ ಬರೆದಿದ್ದರು.

ಐದನೆಯದು ತಟ್ಟನೆ ತೆರೆದುಕೊಂಡಿತು. ಸೂರ್ಯೋದಯದ ಚಿತ್ರ, ಅದರ ಮುಂದೆ ವೃತ್ತವಾಗಿ ಕೈಹಿಡಿದು ನಿಂತ ಜನ, ಮೇಲೆ ದಪ್ಪಕ್ಷರದಲ್ಲಿ "ಪರಿವರ್ತಕ ಕಲಿಕೆಗೆ ಸ್ವಾಗತ". ಬೆರಳಿಗೆ ಜಿಗಿಯಲು ಅಲ್ಲಿ ಏನೂ ಇರಲಿಲ್ಲ. ಆದ್ದರಿಂದ ಮೇಷ್ಟ್ರಿಗೆ ಅದು ಬಹಳ ಗಂಭೀರವಾಗಿ ಕಂಡಿತು.

ಕೆಳಗೆ ಸರಿಸಿ ನೋಡಿದರೆಯೆ? ಆ ಒಂದು ಕೆಲಸ ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಐದು ನಕ್ಷತ್ರ ಒತ್ತಿಯೇಬಿಟ್ಟರು.

ಅದಾದ ಮೇಲೆ ರೆಸೀಫೆಯವರ ಪ್ರಶ್ನೆಗಳು. ಬರೆದವರು ಯಾರು? "ಬಲ್ಲವರು." ಯಾವಾಗ ಬರೆದದ್ದು? "ಈಚೆಗೆ." ಯಾರ ದನಿ ಕೇಳಿಸುತ್ತದೆ? "ಎಲ್ಲರದು." ಜನರ ನಡುವೆ ಬಳಸಿ ನೋಡಿದ್ದೀರಾ? ಇಲ್ಲಿ ಮಾತ್ರ ಮೇಷ್ಟ್ರ ಕೈ ನಿಂತಿತು. ಹಿಂದಿನಿಂದ ಬೇಕರಿಯವನು ಬಗ್ಗಿ ನೋಡುತ್ತಿದ್ದ.

"ಇಲ್ಲ ಅಂತ ಬರೆದ್ರೆ ನಕ್ಷತ್ರ ಹೆಂಗೆ ಕೊಡ್ತೀರಿ ಮೇಷ್ಟ್ರೆ? ಬ್ರೆಡ್ ತಿಂದ್ಮೇಲಲ್ವಾ ರುಚಿ ಹೇಳೋದು?"

ಮಾತು ನ್ಯಾಯವಾಗಿತ್ತು. ಮೇಷ್ಟ್ರು "ಹೌದು" ಎಂದು ಬರೆದರು. ಪರಿಣಾಮ? "ತರಗತಿಯ ಎಲ್ಲರೂ ಸಂಪೂರ್ಣ ಪರಿವರ್ತನೆ ಹೊಂದಿದ್ದಾರೆ." ಕಳಿಸಿಯೂ ಆಯಿತು.

ಅಂದಿನಿಂದ ಅವರ ನಡಿಗೆಯೇ ಬದಲಾಯಿತು. ಬೀದಿಯಲ್ಲಿ ಸಿಕ್ಕವರಿಗೆಲ್ಲ, "ನಾನೀಗ ಮೌಲ್ಯಮಾಪಕ" ಎಂದರು. ಅಮಾರೊನ ಕ್ಷೌರಕ್ಕೆ ಮೂರು ನಕ್ಷತ್ರ, ಬೇಕರಿಯ ಕಾಫಿಗೆ ಎರಡು. ಅತ್ತೆಯ ತಪಿಯೋಕವನ್ನು ನಿಂತಲ್ಲೇ ಎರಡು ತುತ್ತು ತಿಂದು, "ನಾಲ್ಕು" ಎಂದರು.

"ಐದನೇದು ಯಾರಪ್ಪನ ಮನೇಲಿಟ್ಟಿದೀರಿ?" ಎಂದರು ದೋನ ಕಿತೇರಿಯ, ದೋಸೆಕೈ ಎತ್ತಿ.

ಬುಧವಾರ ದೋನ ವಾಲ್ದೇತಿ ತಾವೇ ಮೇಷ್ಟ್ರ ಮನೆಗೆ ಬಂದರು. ಅವರು ತಾವಾಗಿ ಮನೆಗೆ ಬರುವುದು ಚುನಾವಣೆಗೆ ಅಥವಾ ಸಾವಿಗೆ. ಮರ್ಲುಸಿ ಬಾಗಿಲಲ್ಲೇ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

"ಮೇಷ್ಟ್ರೆ, ನಮ್ಮೂರಲ್ಲಿ ಅಷ್ಟೊಂದು ಜನ ಬದಲಾಗಿದಾರೆ, ನಂಗೊಂದು ಮಾತು ಹೇಳ್ಲಿಲ್ಲ! ಇಡೀ ರಾಜ್ಯದಲ್ಲಿ ಒಂದು ತರಗತಿಗೆ ತರಗತೀನೇ ಬದಲಾಗಿರೋದು ಇಲ್ಲಿ ಮಾತ್ರ ಅಂತೆ. ಡಾಕ್ಟರ್ ಲೆನಿಲ್ದಾ ಅಂತ ದೊಡ್ಡ ಅಧಿಕಾರಿ ಶನಿವಾರ ಬರ್ತಿದಾರೆ. ಬದಲಾದವರನ್ನ ಕಣ್ಣಾರೆ ನೋಡ್ಬೇಕಂತೆ."

"ಕಣ್ಣಾರೆ?"

"ಕಾಣದಿದ್ರೆ ಅವತ್ತೇ ಬೀಗದಕೈ ನನ್ನ ಕೈಗೆ ಕೊಡಿ. ಟೋಪಿಗಳು ಮಳೇಲಿ ನೆನೀತಾ ಇವೆ" ಎಂದು ನಗುತ್ತ ಹೋದರು. ಆ ಸೀಮೆಯಲ್ಲಿ ಮಳೆಯೇ ಆಗಿರಲಿಲ್ಲ.

ಮೇಷ್ಟ್ರು ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಅಡುಗೆಮನೆಗೆ ಓಡಾಡತೊಡಗಿದರು. ಮರ್ಲುಸಿ ಜೋಳದ ಹಿಟ್ಟನ್ನು ಹಬೆಗಿಡುತ್ತ ಕೇಳಿದಳು:

"ಎಲ್ರೂ ಬದಲಾದ್ರು ಅಂತ ನಿಜವಾಗ್ಲೂ ಬರೆದ್ರಾ?"

"ಬರೆದೆ."

"ನಮ್ಮಮ್ಮನ್ನೂ ಸೇರಿಸಿ?"

ಮೇಷ್ಟ್ರು ಹಿತ್ತಿಲಿಗೆ ಎರಡು ಸಲ ಹೋಗಿ ಬಂದರು. ಅತ್ತೆಯನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ದೇವ್ರು ಆರು ದಿನದಲ್ಲಿ ಪ್ರಪಂಚ ಮಾಡಿದ. ಅಮ್ಮನ್ನ ಬದಲಾಯಿಸು ಅಂದಿದ್ರೆ ಏಳನೇ ದಿನಾನೂ ರಜ ಸಿಕ್ತಿರ್ಲಿಲ್ಲ ಅವನಿಗೆ" ಎಂದು ಮರ್ಲುಸಿ ಪಾತ್ರೆಯ ಮುಚ್ಚಳ ಹಾಕಿದಳು.

ಅಂದು ಸಂಜೆ ಮೇಷ್ಟ್ರು ವೃತ್ತದ ನಡುವೆ ನಿಂತು ವಿಷಯ ತಿಳಿಸಿದರು. "ಅಧಿಕಾರಿ ಬರ್ತಾರೆ. ನೀವು ಮೊದ್ಲು ಹೇಗಿದ್ರಿ, ಈಗ ಹೇಗಿದೀರಿ, ಹೇಳಿ ಸಾಕು. ಹೇಳದಿದ್ರೆ ನಮ್ಮ ತರಗತಿ ಹೋಗತ್ತೆ."

ಅಷ್ಟು ಹೇಳಿದ್ದೇ ಸಾಕಾಯಿತು, ಅತಿಯೇ ಆಯಿತು. ಯಾಕೆಂದರೆ ಈ ಊರಿನಲ್ಲಿ "ಮೊದಲು ಹೇಗಿದ್ದೆ, ಈಗ ಹೇಗಿದ್ದೇನೆ" ಎಂದು ಜನ ಹೇಳುವ ಜಾಗ ಒಂದೇ. ಅದು ಪಾಸ್ಟರ್ ಎಲಿಯೆಲ್ ಅವರ ಪ್ರಾರ್ಥನಾಮಂದಿರ. ಅಲ್ಲಿ ಭಾನುವಾರ ಒಬ್ಬೊಬ್ಬರೇ ಎದ್ದು, ಕೈ ಮೇಲೆತ್ತಿ, ತಾವು ಎಂಥ ಪಾಪಿಗಳಾಗಿದ್ದೆವೆಂದು ಸಾಕ್ಷಿ ನುಡಿಯುತ್ತಾರೆ. ಬಿದ್ದ ಹಳ್ಳ ಎಷ್ಟು ಆಳವೋ ಎದ್ದವನಿಗೆ ಅಷ್ಟು ಮರ್ಯಾದೆ. ಪಾಪ ಮಾಡದವರು ಸುಮ್ಮನೆ ಚಪ್ಪಾಳೆ ತಟ್ಟಿ ಮನೆಗೆ ಬರಬೇಕು. ಅಮಾರೊ ಬದುಕಿನಲ್ಲಿ ಮಾಡಿದ ದೊಡ್ಡ ಅಪರಾಧವೆಂದರೆ ಹಿಂದಿನ ಮೇಯರ್ ಅವರ ಕಿವಿಗೆ ಕತ್ತರಿ ತಾಗಿಸಿದ್ದು. ಅದನ್ನೂ ಊರೆಲ್ಲ ಮೆಚ್ಚಿತ್ತು. ಅವನ ಜೀವಮಾನದ ಅವಕಾಶ ಈಗ ಬಂದಿತ್ತು.

"ಕುಡಿತ ನಂದು! ನಾನು ಮೊದ್ಲು ಹೇಳಿದೀನಿ!" ಎಂದು ಕೂಗಿದ.

"ಕುಡಿತ ನಂದಯ್ಯ, ನಾನು ನಿಜವಾಗ್ಲೂ ಕುಡೀತೀನಿ" ಎಂದ ರೊಜಿಲ್ದು, ಕಿವಿಯ ಮೇಲಿನ ಗಾರೆಯವರ ದಪ್ಪ ಪೆನ್ಸಿಲನ್ನು ಸರಿಮಾಡಿಕೊಳ್ಳುತ್ತ.

"ಈಗ್ಲೂ ಕುಡಿಯೋನು ಬದಲಾಗಿದ್ದು ಎಲ್ಲಿ ಬಂತು? ನೀನು ಜೂಜು ತಗೋ."

"ಓದು ಬರಹದ ಬಗ್ಗೆ ಒಂದು ಮಾತಾದ್ರೂ ಹೇಳ್ರಪ್ಪ!" ಎಂದು ಮೇಷ್ಟ್ರು ವೃತ್ತದ ಸುತ್ತ ಓಡಿದರು. ಪಾಪ ಹಂಚುವ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಮರುದಿನ ಪಾಸ್ಟರ್ ಎಲಿಯೆಲ್ ತಾವೇ ಬಂದು ಮೈಕು, ಗೋಡೆಗೆ ಚಿತ್ರ ಬಿಡುವ ಯಂತ್ರ, ಕೀಬೋರ್ಡ್ ನುಡಿಸುವವನು, ಮೂರನ್ನೂ ಕೊಡುವುದಾಗಿ ಹೇಳಿದರು. "ಹಿನ್ನೆಲೆ ಸಂಗೀತ ಇಲ್ದೆ ಕಣ್ಣೀರು ಬರಲ್ಲ ಮೇಷ್ಟ್ರೆ. ಅನುಭವದ ಮಾತು."

ಇಷ್ಟೆಲ್ಲದರ ನಡುವೆ ದೋನ ಕಿತೇರಿಯ ಮಾತ್ರ ವೃತ್ತದ ಮೂಗಿನ ತುದಿಯ ತಮ್ಮ ಕುರ್ಚಿಯಲ್ಲಿ ಕದಲದೆ ಕೂತಿದ್ದರು.

"ಅತ್ತೆ, ನೀವೂ ಒಂದು ಸಣ್ಣ ತಪ್ಪು..."

"ನಾನು ಹುಟ್ಟಿದಾಗಿಂದ ಸರಿಯಾಗೇ ಇದೀನಿ. ಬದಲಾಗೋದಾದ್ರೆ ಕೆಟ್ಟೇ ಹೋಗ್ಬೇಕು. ನಾನು ಓದ್ತೀನಿ. ಎಲ್ರೆದುರಿಗೆ. ನೀವು ಮಾತು ಕೊಟ್ಟಿದೀರಿ."

"ಕೊನೇಲಿ ನೋಡೋಣ ಅತ್ತೆ, ಟೈಮಿದ್ರೆ."

"ಟೈಮು ಇರತ್ತೆ" ಎಂದರು ದೋನ ಕಿತೇರಿಯ. ಅವರು ಹಾಗೆಂದರೆ ಗಡಿಯಾರವೂ ಕೇಳಬೇಕು.

ಶನಿವಾರ ಡಾಕ್ಟರ್ ಲೆನಿಲ್ದಾ ಬಂದರು. ಸಣ್ಣ ಮೈಕಟ್ಟಿನ, ಮಾತು ಕಡಿಮೆಯ ಹೆಂಗಸು. ದಾರಿಯ ಧೂಳೆಲ್ಲ ಚಪ್ಪಲಿಯ ಮೇಲಿತ್ತು. ವೃತ್ತದಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂತು, "ಹೇಳಿ, ಏನು ಬದಲಾಯ್ತು?" ಎಂದರು. ದೋನ ವಾಲ್ದೇತಿ ಬಾಗಿಲ ಬಳಿ ನಿಂತು, ಟೋಪಿಯ ರಾಶಿ ಯಾವ ಮೂಲೆಗೆಂದು ಕಣ್ಣಲ್ಲೇ ಅಳೆಯುತ್ತಿದ್ದರು.

ಕೀಬೋರ್ಡ್ ಶೋಕರಾಗ ಹಿಡಿಯಿತು. ಅಮಾರೊ ಮೈಕು ಕಿತ್ತುಕೊಂಡ.

"ಬಂಧುಗಳೆ! ಪರಿವರ್ತಕ ಕಲಿಕೆಗೆ ಮುಂಚೆ ನಾನು ಮನುಷ್ಯನಾಗಿರಲಿಲ್ಲ! ಕತ್ತಲಲ್ಲಿದ್ದೆ! ಕುಡೀತಿದ್ದೆ! ಕುಡಿದು ಬಂದು ಹೆಂಡ್ತಿಗೆ ಹೊಡೀತಿದ್ದೆ!"

"ಯಾರಿಗೆ?" ಲಿಂದಾಲ್ವ ಎದ್ದು ನಿಂತಳು.

"ನಿಂಗೇ ಕಣೆ, ಸುಮ್ನಿರು, ಈಗ ಬಿಟ್ಟಿದೀನಿ ಅಂತ ಹೇಳ್ತೀನಿ."

"ನಂಗೆ ಹೊಡೆದಿದ್ದಾ? ಯಾವತ್ತು? ಹೊಡೆದಿದ್ರೆ ಆ ಕೈ ಇವತ್ತು ಮೈಕ್ ಹಿಡೀತಿತ್ತಾ? ಊರೋರೆಲ್ಲ ಏನಂದ್ಕೋತಾರೆ, ಲಿಂದಾಲ್ವ ಹೊಡೆಸ್ಕೊಂಡ್ಳು ಅಂತ!"

ಕೀಬೋರ್ಡಿನವನು ಯಾವ ರಾಗವೆಂದು ತಿಳಿಯದೆ ಮದುವೆಯದನ್ನು ನುಡಿಸಿದ. ರೊಜಿಲ್ದು ಎದ್ದು, ಜೂಜಿನಲ್ಲಿ ಮನೆ ಕಳೆದುಕೊಂಡೆ ಎಂದು ಅತ್ತ. ಹಿಂದಿನಿಂದ ಅವನ ಭಾವಮೈದುನ, "ಆ ಮನೆ ನಂದು, ನಾನಿನ್ನೂ ಅಲ್ಲೇ ಇದೀನಿ" ಎಂದ. ಮತ್ತೊಬ್ಬಳು ದೆವ್ವ ಬಿಟ್ಟುಹೋದ ಕಥೆ ಶುರುಮಾಡಿದಳು.

ಡಾಕ್ಟರ್ ಲೆನಿಲ್ದಾ ಮೆಲ್ಲಗೆ ಕೇಳಿದರು. "ಇಷ್ಟೆಲ್ಲ ಆ ಒಂದು ಸೈಟಿಂದ ಆಯ್ತಾ?"

"ಸೈಟಿಗೆ ಸ್ತೋತ್ರ!" ಎಂದ ಅಮಾರೊ, ಅಭ್ಯಾಸಬಲದಿಂದ.

"ಸ್ತೋತ್ರ!" ಎಂದಿತು ಸಭೆ.

"ಹಾಗಾದ್ರೆ ಅದನ್ನೊಂದ್ಸಲ ನೋಡೋಣ."

ಪಾಸ್ಟರ್ ಅವರ ಯಂತ್ರ ಗೋಡೆಯ ಮೇಲೆ ಸೂರ್ಯೋದಯ ಬಿಟ್ಟಿತು. ಮೇಷ್ಟ್ರಿಗೆ ಸ್ವಲ್ಪ ಉಸಿರು ಬಂತು. "ನೋಡಿ ಮೇಡಂ, ಎಂಥ ಗಂಭೀರ!"

"ಕೆಳಗೇನಿದೆ?"

"ಕೆಳಗೆ... ಮೇಲಿದ್ದ ಹಾಗೇ, ಕೆಳಗೆ."

ಅವರು ತಾವೇ ಕೈಚಾಚಿ ಪುಟ ಸರಿಸಿದರು. ಕೈಹಿಡಿದ ಜನ ಮೇಲಕ್ಕೆ ಹೋದರು. ಬಿಳಿ ಗೋಡೆಯ ಮೇಲೆ ಅಕ್ಷರಗಳು ಬಂದವು. ಅದನ್ನು ಮೊದಲ ಬಾರಿಗೆ ನೋಡಿದ ಮೇಷ್ಟ್ರ ಕಾಲು, ಹುಟ್ಟಿದಾಗಿನಿಂದ ಮೊದಲ ಬಾರಿಗೆ, ಅಲುಗಾಡುವುದನ್ನು ನಿಲ್ಲಿಸಿತು.

"ಓದೋದು ನಾನು" ಎಂದು ದೋನ ಕಿತೇರಿಯ ಎದ್ದರು.

"ಅತ್ತೆ, ಇದು ಬೇಡ, ಬೇರೆ ಏನಾದ್ರೂ..."

"ಮಾತು ಕೊಟ್ಟಿದೀರಿ." ಲಿಂದಾಲ್ವಳ ಕಡೆ ಒಮ್ಮೆ ನೋಡಿ, ಸೆರಗಿನಂತೆ ಏಪ್ರನ್ ಸರಿಮಾಡಿಕೊಂಡು, ಗೋಡೆಯ ಹತ್ತಿರ ಹೋಗಿ, ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಓದತೊಡಗಿದರು.

"ಇ... ದು... ಮಾ... ದ... ರಿ... ಮಾದರಿ... ಬರಹ. ಇದ... ನ್ನು... ಅಳಿ... ಸಿ. ಇಲ್ಲಿ... ನಿ... ಮ್ಮ... ಮಾತು... ಬರೆ... ಯಿರಿ."

ಮುಂದಿನ ಸಾಲಿನಲ್ಲೂ ಅದೇ ಇತ್ತು. ಅದನ್ನೂ ಓದಿದರು. ಮೂರನೆಯದರಲ್ಲೂ ಅದೇ. ಒಂದನ್ನೂ ಬಿಡಲಿಲ್ಲ. ಎಷ್ಟು ದಿನದಿಂದ ಕಾದಿದ್ದರು, ಬಿಡುವುದು ಹೇಗೆ? ಓದಿ ಮುಗಿಸಿದಾಗ ಅವರ ಮುಖದಲ್ಲಿ ಹಬ್ಬವಿತ್ತು. ಯಾರೋ ತಾಣಕ್ಕೆ ಗೋಡೆ ಕಟ್ಟಿ, ಬಣ್ಣ ಹೊಡೆದು, ಒಳಗೆ ಏನೂ ಇಡದೆ ಹೋಗಿದ್ದರು. ಅದಕ್ಕೆ ಜುರಾಂದಿರ್ ಮೇಷ್ಟ್ರು ಐದು ನಕ್ಷತ್ರ ಕಟ್ಟಿದ್ದರು.

ಮೇಷ್ಟ್ರು ಬಾಗಿಲು ನೋಡಿದರು. ಬಾಗಿಲಿಗೆ ಕೀಬೋರ್ಡ್ ಅಡ್ಡವಾಗಿತ್ತು. ಅದರಾಚೆ ದೋನ ವಾಲ್ದೇತಿ ಆಗಲೇ ಬೀಗದಕೈಗೆ ಅಂಗೈ ಚಾಚಿದ್ದರು.

"ನಾನು... ಕೊನೇತನಕ ಓದಿರಲಿಲ್ಲ ಮೇಡಂ" ಎಂದರು ಮೇಷ್ಟ್ರು. ನಾಚಿಕೆಯಿಂದ ಅವರ ಕಣ್ಣು ತುಂಬಿತು. "ತಪ್ಪು ನಂದು. ಇವರನ್ನ ಮನೆಗೆ ಕಳಿಸ್ಬೇಡಿ."

ಡಾಕ್ಟರ್ ಲೆನಿಲ್ದಾ ಬಾಯಿ ತೆರೆಯುವಷ್ಟರಲ್ಲಿ ದೋನ ಕಿತೇರಿಯ ಗದರಿದರು. "ಅಳಿಯಂದ್ರೆ, ಅಳೋದು ಆಮೇಲೆ. ಅದು ಬರೀರಿ ಅಂತ ಕೇಳ್ತಾ ಇದೆ, ಮೂರು ಸಲ. ಬಾಯ್ಬಿಟ್ಟು ಕೇಳಿದೋರಿಗೆ ಉತ್ತರ ಕೊಡ್ಬೇಕಲ್ವಾ? ರೊಜಿಲ್ದು, ಕೊಡೋ ಇಲ್ಲಿ ಆ ಪೆನ್ಸಿಲ್."

ರೊಜಿಲ್ದು ಕಿವಿಯಿಂದ ತೆಗೆದು ಕೊಟ್ಟ. ಬೆಳಕಿನ ಅಕ್ಷರಗಳ ಕೆಳಗೆ, ಬಿಳಿ ಗೋಡೆಯ ಮೇಲೆ, ದೋನ ಕಿತೇರಿಯ ಮೊಳದುದ್ದದ ಅಕ್ಷರಗಳಲ್ಲಿ ಬರೆದರು: ನಮ್ಮ ಬೀದಿಗೆ ನೀರು ಬಂದಿಲ್ಲ.

"ಅಯ್ಯಯ್ಯೋ ಗೋಡೆ! ಸುಣ್ಣ ಹೊಡೆಸಿ ವಾರ ಆಗಿಲ್ಲ!" ದೋನ ವಾಲ್ದೇತಿ ಒಳಗೆ ನುಗ್ಗಿದರು. "ಇದು ಶಿಕ್ಷಣದ ವಿಷ್ಯ ಅಲ್ವೇ ಅಲ್ಲ!"

"ಯಾಕೆ ಬಂದಿಲ್ಲ ನೀರು?" ಎಂದರು ಡಾಕ್ಟರ್ ಲೆನಿಲ್ದಾ.

"ನೀರಿನ ಲಾರಿ ಹಬ್ಬದ ಕುಣಿತದ ಮೈದಾನಕ್ಕೆ ಹೋಗತ್ತೆ ಮೇಡಂ" ಎಂದ ರೊಜಿಲ್ದು, ಅಳುವುದನ್ನು ಮರೆತು. "ಹಬ್ಬದಲ್ಲಿ ಧೂಳು ಏಳಬಾರ್ದು ಅಂತ ದಿನಾ ನೆಲಕ್ಕೆ ನೀರು ಚಿಮುಕಿಸ್ತಾರೆ. ನಮ್ಮ ತೊಟ್ಟಿ ಮುಂದೇನೇ ಹಾದುಹೋಗತ್ತೆ. ನಿಲ್ಲಲ್ಲ."

ಎಲ್ಲರೂ ದೋನ ವಾಲ್ದೇತಿಯ ಮುಖ ನೋಡಿದರು. ಅವರು ಸೂರು ನೋಡಿದರು. ಸೂರಿನಲ್ಲಿ ಒಡೆದ ಹೆಂಚುಗಳಿದ್ದವು. ಅದನ್ನು ಕಂಡ ಅಮಾರೊ ಪೆನ್ಸಿಲ್ ತೆಗೆದುಕೊಂಡು ಅದನ್ನೂ ಬರೆದ. ಬೀದಿದೀಪವನ್ನು ಇನ್ನೊಬ್ಬರು ಬರೆದರು. ಪಾಪಗಳಿಗೆ ಕಿತ್ತಾಡಿದ್ದಕ್ಕಿಂತ ಹೆಚ್ಚು ಕಿತ್ತಾಟ ಪೆನ್ಸಿಲಿಗೆ ಆಯಿತು. ಲಿಂದಾಲ್ವ ಎಲ್ಲರನ್ನೂ ತಳ್ಳಿಕೊಂಡು ಬಂದು, "ನನ್ನ ಗಂಡ ನನಗೆ ಯಾವತ್ತೂ ಹೊಡೆದಿಲ್ಲ" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಳು.

ಡಾಕ್ಟರ್ ಲೆನಿಲ್ದಾ ಅದನ್ನೆಲ್ಲ ಮೊದಲಿಂದ ಕೊನೆಯವರೆಗೆ ಓದಿದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ ದನಿ ತಗ್ಗಿಸಿದರು. "ಇಪ್ಪತ್ತೂರಿಂದ ವರದಿ ಬಂದಿವೆ ಮೇಷ್ಟ್ರೆ. ಎಲ್ಲರೂ ಇದೇ ಸೈಟಿಗೆ ಐದು ನಕ್ಷತ್ರ ಕೊಟ್ಟಿದಾರೆ. ನಾನೂ ಸರಿ ಅಂತ ಸಹಿ ಹಾಕ್ದೆ. ನಾನೂ ಕೆಳಗೆ ನೋಡಿರ್ಲಿಲ್ಲ."

ಮತ್ತೆ ಜೋರಾಗಿ ಹೇಳಿದರು. "ದೋನ ವಾಲ್ದೇತಿ, ಈ ಗೋಡೆಗೆ ಸುಣ್ಣ ಹೊಡೆಸ್ಬೇಡಿ. ಮುಂದಿನ ತಿಂಗಳು ಮತ್ತೆ ಬರ್ತೀನಿ, ಇದ್ರಲ್ಲಿ ಯಾವ್ಯಾವುದು ಸರಿಹೋಯ್ತು, ಯಾವುದನ್ನ ಅಳಿಸಬಹುದು ಅಂತ ನೋಡೋಕೆ. ಅಳಿಸೋರು, ಬರೆಯೋರು ಬೇಕಲ್ಲ, ಹಾಗಾಗಿ ತರಗತಿ ಇರತ್ತೆ."

ಕೀಬೋರ್ಡಿನವನು ಕೊನೆಗೂ ಸರಿಯಾದ ರಾಗ ಹಿಡಿದ. ಬೀಗದಕೈ ಮೇಷ್ಟ್ರ ಜೇಬಿನಲ್ಲೇ ಉಳಿಯಿತು. ಹುಲ್ಲಿನ ಟೋಪಿಗಳು ದೋನ ವಾಲ್ದೇತಿಯವರ ಮನೆಯ ನಡುಮನೆಯಲ್ಲಿ ಹಬ್ಬ ಆಚರಿಸಿದವೆಂದು ಆಮೇಲೆ ಸುದ್ದಿ.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಅತ್ತೆಯ ಒಲೆಯ ಮುಂದಿನ ಮುಕ್ಕಾಲಿಯ ಮೇಲೆ ಕೂತು, ಹೌದು, ಕೂತು, ಒಂದು ತಪಿಯೋಕವನ್ನು ಅಂಚಿನಿಂದ ಅಂಚಿನವರೆಗೆ ತಿಂದು ಮುಗಿಸಿದರು. "ಐದು" ಎಂದರು.

"ಕೊನೇತನಕ ತಿಂದ್ರಲ್ಲ, ಈಗ ಒಪ್ತೀನಿ" ಎಂದರು ದೋನ ಕಿತೇರಿಯ.

"ನಿಜ ಹೇಳಿ ಅತ್ತೆ. ಇಷ್ಟೆಲ್ಲ ಆದ್ಮೇಲೂ ನೀವು ಒಂಚೂರೂ ಬದಲಾಗಿಲ್ವಾ?"

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ನೀರಿನ ಲಾರಿ ಕಾಣಿಸಿತು. ಮೈದಾನದ ಕಡೆಗೆ ತಿರುಗಬೇಕಾದದ್ದು ತಿರುಗಲಿಲ್ಲ. ಕುಲುಕುತ್ತ ಬಂದು ಅವರ ತೊಟ್ಟಿಯ ಮುಂದೆ ನಿಂತಿತು.

"ನಾನ್ಯಾಕಪ್ಪ ಬದಲಾಗ್ಲಿ?" ಎಂದು ದೋನ ಕಿತೇರಿಯ ಕೊಡ ಎತ್ತಿಕೊಂಡರು. "ದಾರಿ ತಪ್ಪಿದ್ದು ನಾನಲ್ಲ, ಆ ಲಾರಿ. ಅದು ಬದಲಾಯ್ತು."